ಆಸರು (ಬಾಯಾರಿಕೆ) ಜಾಸ್ತಿಯಾ? ನಿದ್ದೆ ಎಷ್ಟು ಗಂಟೆ ಅಂತ ಮೊದಲು ಕೇಳಿ

ಸಂಪಾದಕರಿಗೆ ನಮಸ್ಕಾರ.

ಬೇಸಿಗೆ ಶುರುವಾದರೆ ಸಾಕು, ಪೇಪರಿನಲ್ಲಿ, ರೇಡಿಯೋದಲ್ಲಿ, ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಎಲ್ಲ ಕಡೆ ಒಂದೇ ಮಾತು. ನೀರು ಕುಡಿಯಿರಿ, ಬೊಂಡ (ಎಳನೀರು) ಕುಡಿಯಿರಿ, ಮಜ್ಜಿಗೆ ಕುಡಿಯಿರಿ. ತಪ್ಪಲ್ಲ. ಉಡುಪಿಯ ಏಪ್ರಿಲ್ ಸೆಖೆಯಲ್ಲಿ ಬೇರೆ ಏನು ಹೇಳುವುದು? ಆದರೆ ರಾತ್ರಿ ನಿದ್ದೆ ಎಷ್ಟು ಮಾಡುತ್ತೀರಿ ಅಂತ ಒಬ್ಬರೂ ಕೇಳುವುದಿಲ್ಲ. ನಿದ್ದೆಗೂ ಆಸರಿಗೂ ಎಂಥ ಸಂಬಂಧ ಅಂತ ನಿಮಗೆ ಅನಿಸಬಹುದು. ನನಗೂ ಅನಿಸಿತ್ತು. ಡಾಕ್ಟರ ಮುಖಕ್ಕೇ ಹಾಗೆ ಕೇಳಿ ಬಂದವ ನಾನು.

ನನ್ನ ಕೆಲಸ ಮಲ್ಪೆ ಬಂದರಿನಲ್ಲಿ ಬೋಟಿನ ಮೀನಿನ ಲೆಕ್ಕ ಬರೆಯುವುದು. ಬೆಳಗಿನ ಜಾವ 3 ಗಂಟೆಗೆ ಏಳಬೇಕು. ಬೋಟು ದಕ್ಕೆಗೆ ಬಂದು, ಮೀನು ಇಳಿದು, ಏಲಂ ಆಗಿ, ಐಸ್ ಹಾಕಿದ ಲಾರಿ ಹೊರಡುವವರೆಗೆ ಪುಸ್ತಕ ಪೆನ್ನು ಕೈಯಲ್ಲೇ ಇರಬೇಕು. ಮನೆಗೆ ಬರುವಾಗ 11 ಗಂಟೆ. ಏಳುವುದು ಊರಿಗಿಂತ ಮೊದಲು, ಆದರೆ ಮಲಗುವುದು ಮಾತ್ರ ಊರಿನವರ ಜೊತೆಗೇ. ಮಕ್ಕಳ ಓದು, ಟಿವಿ, ಆಮೇಲೆ ಈ ಫೋನು ಒಂದು, ಎಲ್ಲ ಮುಗಿಯುವಾಗ ಹತ್ತೂವರೆ. ಅಂದರೆ ನಿದ್ದೆ ನಾಲ್ಕೂವರೆ ಗಂಟೆ. ಬೇಗ ಮಲಗಿದ ದಿನ ಐದು. ವರ್ಷದಲ್ಲಿ ಹತ್ತು ತಿಂಗಳು ಹೀಗೇ.

ಮತ್ತೆ ಆಸರು ಅಂದರೆ ಎಂಥ ಆಸರು ಮಾರಾಯ್ರೆ! ಬೆಳಿಗ್ಗೆ 7 ಗಂಟೆಗೇ ನಾಲಿಗೆ ಅಂಗುಳಿಗೆ ಅಂಟುತ್ತಿತ್ತು. ಒಂದು ಲೀಟರಿನ ಬಾಟ್ಲಿ ಏಲಂ ಮುಗಿಯುವುದರೊಳಗೆ ಖಾಲಿ, ಮನೆಗೆ ಬಂದು ಮತ್ತೆ ಎರಡು ಚೆಂಬು, ಮಧ್ಯಾಹ್ನ ಊಟಕ್ಕೆ ಗಂಜಿ ಇದ್ದರೆ ಅನ್ನಕ್ಕಿಂತ ಮೊದಲು ತಿಳಿಯನ್ನು ಬಗ್ಗಿಸಿಕೊಂಡು ಕುಡಿಯುವುದು, ಸಂಜೆ ಪುನರ್ಪುಳಿ ಶರಬತ್ತು, ಹೀಗೆ ಕುಡಿದದ್ದೇ ಕುಡಿದದ್ದು. ಆದರೂ ಸಾಕು ಅಂತ ಅನಿಸುತ್ತಿರಲಿಲ್ಲ. ನನ್ನ ತಂದೆಗೆ ಶುಗರ್ ಇತ್ತು. ನನಗೆ ಈಗ 46. ಅಮ್ಮ ಒಂದು ದಿನ ನಾನು ಚೆಂಬು ಎತ್ತುವುದನ್ನೇ ನೋಡುತ್ತಾ, ನಿನ್ನ ಅಪ್ಪನಿಗೂ ಹೀಗೇ ಬಾಜೆಲ್ (ತುಳುವಿನಲ್ಲಿ ಆಸರು) ಶುರುವಾದದ್ದು ಅಂದರು. ಆ ರಾತ್ರಿ ಇದ್ದ ನಾಲ್ಕೂವರೆ ಗಂಟೆ ನಿದ್ದೆಯೂ ಬರಲಿಲ್ಲ.

ಹೋಗಿ ರಕ್ತ ಕೊಟ್ಟೆ. ಖಾಲಿ ಹೊಟ್ಟೆಯದ್ದು, ಊಟ ಆದ ಮೇಲಿನದ್ದು, ಮೂರು ತಿಂಗಳ ಸರಾಸರಿ ತೋರಿಸುವುದು, ಕಿಡ್ನಿಯದ್ದು. ಎಲ್ಲ ಸರಿ ಉಂಟು. ಖುಷಿ ಆಯಿತು, ಆದರೆ ಆಸರು ಹೋಗಲಿಲ್ಲವಲ್ಲ! ರಿಪೋರ್ಟ್ ನೋಡಿದ ಡಾಕ್ಟರು, ಇವರು ನಮ್ಮ ಊರಿನ ಹಳೆಯ ಡಾಕ್ಟರು, ಜಾಸ್ತಿ ಮಾತಾಡುವವರಲ್ಲ, ಮದ್ದು ಬರೆಯುವ ಬದಲು ರಾತ್ರಿ ಎಷ್ಟು ಹೊತ್ತಿಗೆ ಮಲಗುತ್ತೀರಿ, ಎಷ್ಟು ಹೊತ್ತಿಗೆ ಏಳುತ್ತೀರಿ ಅಂತ ಕೇಳಿದರು. ಹೇಳಿದೆ. ಒಂದು ತಿಂಗಳು 7 ಗಂಟೆ ಮಲಗಿ, ಆಮೇಲೂ ಆಸರು ಇದ್ದರೆ ಬನ್ನಿ ಅಂದರು. ನಾನು ಆಸರಿಗೆ ಮದ್ದು ಕೇಳಿದರೆ ಇವರು ಮಲಗು ಅನ್ನುತ್ತಾರಲ್ಲ ಅಂತ ಸಿಟ್ಟು ಬಂತು. ನಿದ್ದೆಗೂ ನೀರಿಗೂ ಎಂಥ ಸಂಬಂಧ ಡಾಕ್ಟ್ರೇ ಅಂತ ಕೇಳಿಯೂ ಬಿಟ್ಟೆ. ಹಿಂದೆ ಕ್ಯೂ ಇತ್ತು. ಅವರು ನಕ್ಕು ಮುಂದಿನವರನ್ನು ಕರೆದರು.

ಹಾಗಾಗಿ ನಾನೇ ಹುಡುಕಿ ಓದಿದೆ. ಮಗಳು ಪಿಯುಸಿಯಲ್ಲಿ ವಿಜ್ಞಾನ ಓದುತ್ತಾಳೆ, ಗೊತ್ತಾಗದ್ದನ್ನು ಅವಳು ಬಿಡಿಸಿ ಹೇಳಿದಳು. ತಿಳಿದದ್ದನ್ನು ಇಲ್ಲಿ ಬರೆಯುತ್ತೇನೆ, ಯಾಕೆಂದರೆ ನಮ್ಮ ಕರಾವಳಿಯಲ್ಲಿ ನನ್ನ ಹಾಗೆ ಅರ್ಧ ನಿದ್ದೆಯಲ್ಲಿ ದುಡಿಯುವವರು ಬೇಕಾದಷ್ಟು ಮಂದಿ ಇದ್ದಾರೆ.

ಒಂದು ಸಣ್ಣ ವಿಷಯದಿಂದ ಶುರು ಮಾಡುತ್ತೇನೆ. ಹಗಲು ಎರಡು ಮೂರು ಗಂಟೆಗೊಮ್ಮೆ ಮೂತ್ರಕ್ಕೆ ಹೋಗುವ ನಾವು ರಾತ್ರಿ ಏಳೆಂಟು ಗಂಟೆ ಏಳದೆ ಮಲಗುವುದು ಹೇಗೆ? ನಾನು ಇಷ್ಟು ವರ್ಷ ಅದನ್ನು ಯೋಚಿಸಿಯೇ ಇರಲಿಲ್ಲ. ಮೆದುಳಿನಲ್ಲಿ ತಯಾರಾಗುವ ವಾಸೊಪ್ರೆಸಿನ್ ಅನ್ನುವ ಹಾರ್ಮೋನು ಇದಕ್ಕೆ ಒಂದು ದೊಡ್ಡ ಕಾರಣ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಅದು ರಕ್ತಕ್ಕೆ ಸೇರಿ ಕಿಡ್ನಿಗೆ ಹೋಗುತ್ತದೆ, ನೀರನ್ನು ಹೊರಗೆ ಬಿಡಬೇಡ, ವಾಪಸ್ ಎಳೆದುಕೋ ಅಂತ ಹೇಳುತ್ತದೆ. ಅದಕ್ಕೇ ರಾತ್ರಿಯ ಮೂತ್ರ ಕಡಿಮೆ, ಬೆಳಗಿನ ಮೊದಲ ಮೂತ್ರ ದಪ್ಪ ಹಳದಿ. ಹಾಸಿಗೆ ಒದ್ದೆ ಮಾಡುವ ಕೆಲವು ಮಕ್ಕಳಲ್ಲಿ ರಾತ್ರಿ ಈ ಹಾರ್ಮೋನು ಸಾಕಷ್ಟು ಏರುವುದಿಲ್ಲವಂತೆ. ಅಂಥ ಮಕ್ಕಳಿಗೆ ಡಾಕ್ಟರು ಕೆಲವೊಮ್ಮೆ ಕೊಡುವ ಡೆಸ್ಮೊಪ್ರೆಸಿನ್ ಮಾತ್ರೆ ಇದೇ ಹಾರ್ಮೋನಿನ ನಕಲು. ಆ ಮಕ್ಕಳಿಗೆ ಬೈಯುವವರು, ಹೊಡೆಯುವವರು ಇದನ್ನು ಸ್ವಲ್ಪ ತಿಳಿದುಕೊಂಡರೆ ಒಳ್ಳೆಯದು. ಇರಲಿ, ಅದು ಬೇರೆ ಪತ್ರಕ್ಕೆ ಆಗುವ ವಿಷಯ.

ಮಲಗಿದಾಗಲೂ ನೀರು ಖರ್ಚಾಗುತ್ತಲೇ ಇರುತ್ತದೆ. ಉಸಿರಿನಲ್ಲಿ ಹೋಗುತ್ತದೆ, ಚರ್ಮದಿಂದ ಹೋಗುತ್ತದೆ, ನಮ್ಮ ಕಡೆಯಾದರೆ ಬೆವರಿ ತಲೆದಿಂಬೇ ಒದ್ದೆ. ಏಳೆಂಟು ಗಂಟೆ ಒಂದು ಹನಿ ಕುಡಿಯದೆ ಮೈ ಇದನ್ನೆಲ್ಲ ನಿಭಾಯಿಸಬೇಕಲ್ಲ! ಅದಕ್ಕೆ ಮೈ ಮೊದಲೇ ತಯಾರಿ ಮಾಡಿಕೊಳ್ಳುತ್ತದೆ. 2016ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದವರು ಇಲಿಗಳ ಮೇಲೆ ಮಾಡಿದ ಒಂದು ಕೆಲಸ ನೇಚರ್ ಪತ್ರಿಕೆಯಲ್ಲಿ ಬಂದಿತ್ತು. ಇಲಿಗಳು ಮಲಗುವ ಮೊದಲಿನ ಒಂದೆರಡು ಗಂಟೆ ಜಾಸ್ತಿ ನೀರು ಕುಡಿಯುತ್ತವೆ. ಆ ಹೊತ್ತಿಗೆ ಮೈಯಲ್ಲಿ ನೀರು ಕಡಿಮೆಯಾಗಿರುವುದಿಲ್ಲ, ಸೆಖೆಯೂ ಇರುವುದಿಲ್ಲ, ಸುಮ್ನೆ ಕುಡಿಯುತ್ತವೆ. ಹಾಗೆ ಕುಡಿಯಲು ಬಿಡದಿದ್ದರೆ ನಿದ್ದೆ ಮುಗಿಯುವಾಗ ಅವುಗಳ ಮೈಯಲ್ಲಿ ನೀರು ಇಳಿದಿರುತ್ತದೆ. ಹೊತ್ತು ನೋಡಿ ಆಸರನ್ನು ಎಬ್ಬಿಸುವುದು ಯಾರು ಅಂದರೆ ಮೆದುಳಿನೊಳಗಿನ ಗಡಿಯಾರ. ಅದು ಆಸರಿನ ನರಗಳಿಗೆ ಸುದ್ದಿ ಕಳಿಸುವುದು ಇದೇ ವಾಸೊಪ್ರೆಸಿನ್ ಮೂಲಕ. ಮಗಳು ಇದನ್ನು ಹೇಳಿದಾಗ ನನಗೆ ನೆನಪಾದದ್ದು ಮಲಗುವ ಮುಂಚೆ ಚೆಂಬಿನಲ್ಲಿ ನೀರು ತಂದು ಹಾಸಿಗೆ ಹತ್ತಿರ ಮುಚ್ಚಿಡುತ್ತಿದ್ದ ನನ್ನ ಅಜ್ಜಿ. ಇಲಿಯ ಪ್ರಯೋಗವನ್ನು ಹಾಗೇ ಮನುಷ್ಯರಿಗೆ ಅಂಟಿಸಬಾರದು ಅಂತಲೂ ಮಗಳೇ ಹೇಳಿದಳು. ಒಪ್ಪಿದೆ.

ಮನುಷ್ಯರದ್ದೇ ಲೆಕ್ಕ ಬೇಕಾದರೆ ಅದೂ ಉಂಟು. ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದವರು ಅಮೆರಿಕ ಮತ್ತು ಚೀನಾದ 20,000ಕ್ಕೂ ಜಾಸ್ತಿ ಜನರ ನಿದ್ದೆಯ ವಿವರ ಮತ್ತು ಮೂತ್ರದ ಪರೀಕ್ಷೆ ಎರಡನ್ನೂ ಹೋಲಿಸಿ ನೋಡಿದರು. 2018ರ ಕೊನೆಗೆ ಅದು ಪ್ರಕಟವಾಯಿತು. ದಿನಾ 8 ಗಂಟೆ ಮಲಗುವವರಿಗಿಂತ 6 ಗಂಟೆ ಮಲಗುವವರ ಮೈಯಲ್ಲಿ ನೀರು ಸಾಲದೆ ಇರುವ ಸಾಧ್ಯತೆ ಶೇಕಡಾ 16ರಿಂದ 59ರಷ್ಟು ಜಾಸ್ತಿ ಅಂತ ಕಂಡಿತು. ನೂರರಲ್ಲಿ 59 ಮಂದಿ ಒಣಗಿದ್ದಾರೆ ಅಂತ ಇದರ ಅರ್ಥ ಅಲ್ಲ, ವಾಟ್ಸ್‌ಆ್ಯಪ್‌ನಲ್ಲಿ ಹಾಗೆ ಹಾಕಬೇಡಿ ದಯವಿಟ್ಟು. ಒಬ್ಬರಿಗೆ ಹೋಲಿಸಿದರೆ ಇನ್ನೊಬ್ಬರಿಗೆ ಸಾಧ್ಯತೆ ಅಷ್ಟು ಜಾಸ್ತಿ, ಇಷ್ಟೇ. ನನ್ನದು 6 ಗಂಟೆಯೂ ಅಲ್ಲ, ನಾಲ್ಕೂವರೆ!

ಅವರು ಕೊಟ್ಟ ಕಾರಣ ನನಗೆ ಸರಿಯಾಗಿ ತಲೆಗೆ ಹೋಯಿತು. ವಾಸೊಪ್ರೆಸಿನ್ ಹಗಲೂ ರಾತ್ರಿ ಬರುತ್ತಲೇ ಇರುತ್ತದೆ, ಆದರೆ ನಿದ್ದೆಯ ಕೊನೆಯ ಪಾಲಿನಲ್ಲಿ ಜಾಸ್ತಿ ಬರುತ್ತದೆ. ಬೇಗ ಎದ್ದವನಿಗೆ ಆ ಪಾಲೇ ತಪ್ಪಿ ಹೋಗಬಹುದು. ಏಲಂ ಮುಗಿಯುವ ಮೊದಲೇ ದಕ್ಕೆ ಬಿಟ್ಟು ಹೋದವನ ಹಾಗೆ, ಒಳ್ಳೆಯ ಮೀನು ಇನ್ನೂ ಬೋಟಿನಲ್ಲೇ ಉಂಟು, ಇವ ಮಾತ್ರ ಖಾಲಿ ಬುಟ್ಟಿಯಲ್ಲಿ ಮನೆಗೆ. ನಾನು ಹತ್ತೂವರೆಗೆ ಮಲಗಿ ಮೂರಕ್ಕೆ ಎದ್ದರೆ ಮೈ ನೀರು ಉಳಿಸುವ ಕೆಲಸಕ್ಕೆ ಗಟ್ಟಿಯಾಗಿ ಕೈ ಹಾಕುವ ಹೊತ್ತಿಗೆ ನಾನು ಬೈಕ್ ಸ್ಟಾರ್ಟ್ ಮಾಡುತ್ತಿರುತ್ತೇನೆ.

ಕಿಡ್ನಿಯ ಕಡೆಯಿಂದ ನೋಡಿದ ಇನ್ನೊಂದು ಕೆಲಸ ಡೆನ್ಮಾರ್ಕಿನದ್ದು, 2010ರದ್ದು. ಆರೋಗ್ಯವಾಗಿದ್ದವರನ್ನೇ ಒಂದು ರಾತ್ರಿ ಮಲಗಲು ಬಿಡದೆ ನೋಡಿದರು. ಮೂತ್ರ ಜಾಸ್ತಿ ಹೋಯಿತು, ಅದರ ಜೊತೆ ಉಪ್ಪೂ ಜಾಸ್ತಿ ಹೋಯಿತು. ರಾತ್ರಿ ಮಲಗಿದಾಗ ಬಿಪಿ ಸ್ವಲ್ಪ ಇಳಿಯುತ್ತದಲ್ಲ, ಅದು ಸರಿಯಾಗಿ ಇಳಿಯಲಿಲ್ಲ. ಅಂದರೆ ವಾಸೊಪ್ರೆಸಿನ್ ಒಂದರ ಮೇಲೇ ಎಲ್ಲ ಹೊರಿಸುವ ಹಾಗಿಲ್ಲ, ಬಿಪಿಯೂ ಉಪ್ಪೂ ಇದರಲ್ಲಿ ಸೇರಿಕೊಂಡಿವೆ. ಆದರೆ ಎರಡೂ ಕಡೆಯವರು ಬೆರಳು ತೋರಿಸುವುದು ಒಂದೇ ಕಡೆ. ರಾತ್ರಿ ನಿದ್ದೆ ಕೆಟ್ಟರೆ ಮೈಯ ನೀರಿನ ಲೆಕ್ಕ ತಪ್ಪುತ್ತದೆ.

ಇಲ್ಲಿ ಒಂದು ಮಾತನ್ನು ಮುಚ್ಚಿಡುವುದು ಸರಿಯಲ್ಲ. ಪೆನ್ ಸ್ಟೇಟ್‌ನವರು ಅಳೆದದ್ದು ಮೂತ್ರ ಎಷ್ಟು ಗಟ್ಟಿ ಉಂಟು ಅಂತ, ಬಾಯಿ ಎಷ್ಟು ಒಣಗಿದೆ ಅಂತ ಅಲ್ಲ. ಮೈಯಲ್ಲಿ ನೀರು ಕಡಿಮೆಯಾಗುವುದು ಬೇರೆ, ಆಸರು ಅನಿಸುವುದು ಬೇರೆ. ಹೆಚ್ಚಿನ ಸಲ ಎರಡೂ ಒಟ್ಟಿಗೆ ಬರುತ್ತವೆ, ಕೆಲವು ಸಲ ಇಲ್ಲ. ನನ್ನ ಭಾವನ ಕಥೆ ನೋಡಿ. ಅವರು ಎಂಟು ಗಂಟೆ ಮಲಗುತ್ತಾರೆ, ಗೊರಕೆ ಮಾತ್ರ ಪಕ್ಕದ ಮನೆಗೆ ಕೇಳುತ್ತದೆ, ಬಾಯಿ ತೆರೆದೇ ಉಸಿರಾಡುವುದು. ಬೆಳಿಗ್ಗೆ ಬಾಯಿ ಒಣಗಿ ಚಕ್ಕೆ. ಮಲಗಿದಾಗ ಎಂಜಲು ಹೇಗೂ ಕಡಿಮೆ, ಅದರ ಮೇಲೆ ಗಾಳಿ ಬಾಯಿಂದ ಹೋಗಿ ಬಂದರೆ ಇರುವ ಪಸೆಯೂ ಹೋಯಿತು. ಇದು ನೀರು ಕಡಿಮೆಯಾದ ಆಸರಲ್ಲ, ಬಾಯಿ ಒಣಗಿದ ಆಸರು. ಆದರೆ ಗೊರಕೆಯ ನಡುವೆ ಉಸಿರು ನಿಂತು ನಿಂತು ಬರುವ ತೊಂದರೆ ಇದ್ದರೆ ರಾತ್ರಿ ಮೂತ್ರವೂ ಜಾಸ್ತಿ ಆಗುತ್ತದೆ, ಎಂಟು ಗಂಟೆ ಮಲಗಿದರೂ ನಿದ್ದೆ ಆದ ಹಾಗೆ ಇರುವುದಿಲ್ಲ. ಭಾವನಿಗೆ ತೋರಿಸಿ ಅಂತ ಹೇಳಿ ಸಾಕಾಯಿತು. ಇದನ್ನು ಪೇಪರಿನಲ್ಲಿ ಓದಿಯಾದರೂ ಹೋಗಲಿ.

ಅಮ್ಮನದ್ದು ಇದಕ್ಕೆ ಪೂರಾ ಉಲ್ಟಾ. 74 ವರ್ಷ. ನಿದ್ದೆ ಕಡಿಮೆ, ಆಸರೂ ಕಡಿಮೆ. ಬೇಡ ಮಗಾ, ಆಸರಾಗುವುದಿಲ್ಲ ಅನ್ನುತ್ತಾರೆ, ತುಟಿ ನೋಡಿದರೆ ಒಡೆದಿರುತ್ತದೆ. ವಯಸ್ಸಾದ ಹಾಗೆ ಆಸರು ಗೊತ್ತಾಗುವ ಶಕ್ತಿ ಕುಗ್ಗುತ್ತದೆ, ರಾತ್ರಿ ಮೂತ್ರವನ್ನು ಗಟ್ಟಿ ಮಾಡಿ ನೀರು ಉಳಿಸುವ ಕಿಡ್ನಿಯ ಶಕ್ತಿಯೂ ಕುಗ್ಗುತ್ತದೆ. ಹಾಗಾಗಿ ಅವರಿಗೆ ಆಸರು ಬರಲಿ ಅಂತ ಕಾಯುವ ಹಾಗಿಲ್ಲ. ನಮ್ಮ ಕಡೆ ಮನೆಗೆ ಬಂದವರನ್ನು ಆಸರಿಗೆ ಏನು ಬೇಕು ಅಂತ ಕೇಳಿ ಬೆಲ್ಲ ನೀರು ಇಡುವ ಕ್ರಮ ಉಂಟಲ್ಲ, ಆ ಮರ್ಯಾದೆಯನ್ನು ನಾವು ಮನೆಯಲ್ಲೇ ಇರುವ ಮುದುಕರಿಗೆ ಯಾಕೆ ಮಾಡುವುದಿಲ್ಲ? ಈಗ ನಾನು ಕೆಲಸದಿಂದ ಬಂದ ಕೂಡಲೇ ಅಮ್ಮನಿಗೆ ಒಂದು ಲೋಟ ರಾಗಿ ನೀರು ಕೊಟ್ಟು, ನಾನೂ ಒಂದು ಲೋಟ ತಗೊಂಡು ಎದುರಿಗೇ ಕೂತುಕೊಳ್ಳುತ್ತೇನೆ. ಬೇಡ ಅನ್ನುತ್ತಲೇ ಕುಡಿಯುತ್ತಾರೆ.

ಇನ್ನು ನನ್ನ ಸ್ವಂತ ಲೆಕ್ಕ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ರಜೆ ಇರುತ್ತದೆ, 61 ದಿನ. ಆಗ ನಾನೂ ಆರು ಗಂಟೆವರೆಗೆ ಮಲಗುತ್ತೇನೆ. ಆ ಎರಡು ತಿಂಗಳು ಆಸರು ಇರುವುದಿಲ್ಲ. ಮಳೆಗಾಲ ಅಲ್ವಾ, ಸೆಖೆ ಇಲ್ಲ, ಅದಕ್ಕೆ ಅಂತ ನಾನು ಅಂದುಕೊಂಡಿದ್ದೆ. ಆದರೆ ಡಿಸೆಂಬರಿನ ಚಳಿಯಲ್ಲೂ, ನಮ್ಮದು ಅಂಥ ಚಳಿಯೇನಲ್ಲ, ಆದರೂ ಬೆಳಗಿನ ಜಾವ ದಕ್ಕೆಯಲ್ಲಿ ಮೈ ಜುಮ್ ಅನ್ನುವಾಗಲೂ, ಆಸರು ಇದ್ದೇ ಇರುತ್ತಿತ್ತು. ಆಗ ಸೆಖೆ ಎಲ್ಲಿತ್ತು? ಮತ್ತೆ ಹೋದ ವರ್ಷ ಏಪ್ರಿಲಿನಲ್ಲಿ ಐಸ್ ನೀರಿನಲ್ಲಿ ಜಾರಿ ಕಾಲು ಉಳುಕಿ 12 ದಿನ ಮನೆಯಲ್ಲಿ ಬಿದ್ದುಕೊಂಡಿದ್ದೆ. ಸೆಖೆ ಅಂದರೆ ಫ್ಯಾನಿನ ಗಾಳಿಯೇ ಬಿಸಿ. ದಿನಾ ಎಂಟು ಗಂಟೆ ನಿದ್ದೆ. ಆಸರು ಎಲ್ಲರಿಗೆ ಇರುವಷ್ಟೇ. ಕೆಲಸ ಇರಲಿಲ್ಲ, ಬೆವರಲಿಲ್ಲ, ಅದಕ್ಕೆ ಅಂತ ಮನೆಯವಳು ವಾದ ಮಾಡಿದಳು. ಅವಳ ಮಾತಿನಲ್ಲೂ ಹುರುಳುಂಟು. ನಾನು ವಿಜ್ಞಾನಿ ಅಲ್ಲ, ನನ್ನೊಬ್ಬನ ಮೈ ಪ್ರಯೋಗಶಾಲೆಯೂ ಅಲ್ಲ. ಆದರೆ ಡಾಕ್ಟರು ಹೇಳಿದ ಮೇಲೆ ಕೆಲಸವೂ ಇರುವಾಗ, ಸೆಖೆಯೂ ಇರುವಾಗ, ನಿದ್ದೆ ಒಂದನ್ನೇ ಬದಲಾಯಿಸಿ ನೋಡಿದೆನಲ್ಲ, ಆಗ ಮೂರನೇ ವಾರಕ್ಕೆ ಬಾಟ್ಲಿಯಲ್ಲಿ ನೀರು ಉಳಿಯಲು ಶುರುವಾಯಿತು. ಮನೆಯವಳ ಹತ್ತಿರ ಅದಕ್ಕೆ ಉತ್ತರ ಇಲ್ಲ.

ಇದಕ್ಕಿಂತ ದೊಡ್ಡ ಸಂಗತಿ ಒಂದು ನನಗೆ ತಡವಾಗಿ ಗೊತ್ತಾಯಿತು. ಅದನ್ನೇ ನಿಮ್ಮ ಓದುಗರಿಗೆ ಮುಖ್ಯವಾಗಿ ಹೇಳಬೇಕು ಅಂತ ಈ ಪತ್ರ. ಇದು ಒಂದು ಗಾಣ. ನಿದ್ದೆ ಕಡಿಮೆ, ಹಾಗಾಗಿ ಹಗಲೆಲ್ಲ ಆಸರು. ಆಸರಿಗೆ ಸಂಜೆಯಿಂದ ಮಲಗುವವರೆಗೆ ಚೆಂಬುಗಟ್ಟಲೆ ನೀರು. ಆ ನೀರಿಗೆ ರಾತ್ರಿ 12ಕ್ಕೊಮ್ಮೆ, 2ಕ್ಕೊಮ್ಮೆ ಏಳುವುದು. ಎದ್ದರೆ ಇದ್ದ ನಾಲ್ಕೂವರೆ ಗಂಟೆ ನಿದ್ದೆಯೂ ಮೂರು ತುಂಡು. ಮರುದಿನ ಆಸರು ಇನ್ನೂ ಜಾಸ್ತಿ. ನಾನು ವರ್ಷಗಟ್ಟಲೆ ಇದರಲ್ಲಿ ಕಣ್ಣು ಕಟ್ಟಿದ ಎತ್ತಿನ ಹಾಗೆ ಸುತ್ತಿದ್ದೇನೆ. ನೀರು ಕುಡಿಯಿರಿ ಅಂತ ಎಲ್ಲರೂ ಹೇಳುವಾಗ ಯಾವ ಹೊತ್ತಿಗೆ ಕುಡಿಯಿರಿ ಅಂತಲೂ ಹೇಳಬೇಕು. ಈಗ ನಾನು ಎದ್ದದ್ದರಿಂದ ಮಧ್ಯಾಹ್ನದವರೆಗೆ ಹೊಟ್ಟೆ ತುಂಬ ಕುಡಿಯುತ್ತೇನೆ, ಸಂಜೆ ಮೇಲೆ ಕೈ ಬಿಗಿ ಹಿಡಿಯುತ್ತೇನೆ, ಮಲಗುವಾಗ ಎರಡು ಗುಟುಕು. ರಾತ್ರಿ ಏಳುವುದು ಬಹುತೇಕ ನಿಂತಿದೆ. ಇಲಿಗಳು ಮಲಗುವ ಮೊದಲು ಕುಡಿಯುತ್ತವೆ ಅಂತ ನೀನೇ ಬರೆದೆಯಲ್ಲ ಅಂತ ಯಾರಾದರೂ ಕೇಳಿದರೆ, ಇಲಿಗೆ 46 ವರ್ಷ ಆಗುವುದಿಲ್ಲ ಅಂತ ನನ್ನ ಉತ್ತರ.

ಊಟದ ವಿಷಯವೂ ಉಂಟು. ರಾತ್ರಿ ಗಂಜಿಗೆ ಒಣಮೀನಿನ ಚಟ್ನಿ, ಅದರ ಮೇಲೆ ಮಿಡಿ ಉಪ್ಪಿನಕಾಯಿ ಇದ್ದರೆ ನನಗೆ ಬೇರೆ ಸ್ವರ್ಗ ಬೇಡ. ಆದರೆ ರಕ್ತದಲ್ಲಿ ಉಪ್ಪಿನ ಪ್ರಮಾಣ ಒಂದೆರಡು ಶೇಕಡಾ ಏರಿದರೂ ಮೆದುಳಿಗೆ ಗೊತ್ತಾಗುತ್ತದೆ, ಕೂಡಲೇ ಆಸರು. ರಾತ್ರಿಯ ಉಪ್ಪು ನಡುರಾತ್ರಿಯ ನೀರು, ನಡುರಾತ್ರಿಯ ನೀರು ಬೆಳಗಿನ ಜಾವದ ಬಾತ್‌ರೂಮು. ಒಣಮೀನನ್ನು ಮಧ್ಯಾಹ್ನಕ್ಕೆ ದಾಟಿಸಿದೆ. ಬಿಡಲಿಲ್ಲ, ಬಿಡುವುದೂ ಇಲ್ಲ. ಕೆಲಸ ಮುಗಿಸಿ ಮೈಕೈ ನೋವಿಗೆ ಅಂತ ಸ್ವಲ್ಪ ಹಾಕಿ ಮಲಗುವ ನಮ್ಮ ದೋಸ್ತಿಗಳಿಗೂ ಒಂದು ಮಾತು. ಶರಾಬು ಈ ವಾಸೊಪ್ರೆಸಿನ್ ಬರುವುದನ್ನೇ ತಡೆಯುತ್ತದೆ. ಕುಡಿದದ್ದಕ್ಕಿಂತ ಜಾಸ್ತಿ ಹೊರಗೆ ಹೋಗುತ್ತದೆ, ನಿದ್ದೆಯೂ ಹಾಳು. ಬೆಳಿಗ್ಗೆ ತಲೆ ಸಿಡಿಯುವುದಕ್ಕೆ ಇದೂ ಒಂದು ಕಾರಣ.

ಚಹಾದ ಕಥೆ ಬೇರೆ. ನಿದ್ದೆಗೆಟ್ಟ ತಲೆನೋವೂ ನೀರು ಸಾಲದ ತಲೆನೋವೂ ನೋಡಲು ಅವಳಿ ಮಕ್ಕಳ ಹಾಗೆ. ಎರಡಕ್ಕೂ ಸುಸ್ತು, ಎರಡಕ್ಕೂ ಸಿಟ್ಟು, ಎರಡಕ್ಕೂ ಲೆಕ್ಕ ತಪ್ಪುವುದು. ನಾವು ಎರಡಕ್ಕೂ ಕೊಡುವ ಮದ್ದು ಒಂದು ಖಡಕ್ ಚಾ. ಚಹಾದಿಂದ ಮೈ ಒಣಗುತ್ತದೆ ಅಂತ ಹೆದರಿಸುವವರ ಮಾತು ಅಷ್ಟು ನಿಜವಲ್ಲ, ಅದರಲ್ಲಿ ಇರುವುದು ಹೆಚ್ಚಿನ ಪಾಲು ನೀರೇ ಅಲ್ವಾ. ಆದರೆ ಅದರಲ್ಲಿನ ಕೆಫೀನಿನ ಅರ್ಧ ಭಾಗ ಮೈಯಿಂದ ಇಳಿಯಲು ಸುಮಾರು ಐದು ಗಂಟೆ ಬೇಕು. ಸಂಜೆ 6ಕ್ಕೆ ಕುಡಿದ ಚಾ ರಾತ್ರಿ 11ಕ್ಕೂ ಅರ್ಧ ಎಚ್ಚರ ಇರುತ್ತದೆ.

ದಿನಕ್ಕೆ ಎಂಟು ಲೋಟ ಅಂತ ಒಂದು ಮಂತ್ರ ಉಂಟಲ್ಲ, ಅದರ ಬಗ್ಗೆಯೂ ಓದಿದೆ. 1945ರಲ್ಲಿ ಅಮೆರಿಕದ ಆಹಾರ ಮಂಡಳಿಯೊಂದು ದೊಡ್ಡವರಿಗೆ ದಿನಕ್ಕೆ ಸುಮಾರು ಎರಡೂವರೆ ಲೀಟರ್ ನೀರು ಬೇಕು ಅಂತ ಹೇಳಿತ್ತು. ಅದರ ಹೆಚ್ಚಿನ ಪಾಲು ತಿನ್ನುವ ಆಹಾರದಲ್ಲೇ ಇದೆ ಅಂತಲೂ ಮುಂದೆಯೇ ಹೇಳಿತ್ತು. ಮುಂದಿನ ವಾಕ್ಯವನ್ನು ಯಾರೂ ಓದಲಿಲ್ಲ! ಗಂಜಿ ಉಣ್ಣುವ, ಸಾರು ಸುರಿದುಕೊಳ್ಳುವ, ಸೌತೆಕಾಯಿ ಹುಳಿ ಮಾಡುವ ನಮ್ಮವರಿಗೆ ಊಟದಲ್ಲೇ ಎಷ್ಟೋ ನೀರು ಸಿಗುತ್ತದೆ. ದಕ್ಕೆಯಲ್ಲಿ ಬಿಸಿಲಿಗೆ ಬುಟ್ಟಿ ಹೊರುವವರಿಗೆ ಎಂಟು ಲೋಟ ಎಲ್ಲಿಗೂ ಸಾಲದು, ಎಸಿ ರೂಮಿನಲ್ಲಿ ಕೂತವರಿಗೆ ಅಷ್ಟು ಬೇಕಾಗದೆಯೂ ಇರಬಹುದು. ಹೃದಯದ್ದು, ಕಿಡ್ನಿಯದ್ದು ತೊಂದರೆ ಇದ್ದು ನೀರು ಅಳತೆ ಮಾಡಿ ಕುಡಿಯಿರಿ ಅಂತ ಹೇಳಿಸಿಕೊಂಡವರು ನನ್ನ ಪತ್ರ ಓದಿ ಅಳತೆ ಬದಲಾಯಿಸಬೇಡಿ, ನಿಮ್ಮ ಡಾಕ್ಟರು ಹೇಳಿದ್ದೇ ಸರಿ.

ಇನ್ನೂ ಒಂದು ಎಚ್ಚರಿಕೆ. ಇದನ್ನು ಓದಿ ಓ ನಿದ್ದೆ ಕಡಿಮೆಯಾದದ್ದು ಅಷ್ಟೇ ಅಂತ ಶುಗರ್ ಪರೀಕ್ಷೆ ಮಾಡದೆ ಕೂತರೆ ಅದು ದೊಡ್ಡ ತಪ್ಪು. ಶುಗರ್ ಏರಿದರೆ ಸಕ್ಕರೆ ಮೂತ್ರದಲ್ಲಿ ಹೋಗುವಾಗ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಅದಕ್ಕೇ ಪದೇ ಪದೇ ಮೂತ್ರ, ಪದೇ ಪದೇ ಆಸರು, ರಾತ್ರಿ ನಿದ್ದೆಗೇಡು. ನೋಡಲು ಎಲ್ಲ ನನ್ನ ಕಥೆಯ ಹಾಗೇ. ನಾನು ಮೊದಲು ರಕ್ತ ಕೊಟ್ಟೆ, ಆಮೇಲೆ ನಿದ್ದೆಯ ಕಡೆ ತಿರುಗಿದೆ. ನೀವೂ ಅದೇ ಕ್ರಮದಲ್ಲಿ ಹೋಗಿ. ತೂಕವೂ ಇಳಿಯುತ್ತಾ ಇದ್ದರೆ ನಾಳೆ ಅನ್ನಬೇಡಿ.

ಸಂಪಾದಕರೇ, ಇದು ನನ್ನೊಬ್ಬನ ಸಮಸ್ಯೆ ಆಗಿದ್ದರೆ ಇಷ್ಟು ಉದ್ದ ಬರೆಯುತ್ತಿರಲಿಲ್ಲ. ಉಡುಪಿ, ದಕ್ಷಿಣ ಕನ್ನಡ, ನಮ್ಮ ಈ ಎರಡು ಜಿಲ್ಲೆಗಳಲ್ಲಿ ರಾತ್ರಿ ಎಚ್ಚರ ಇರುವವರು ಎಷ್ಟು ಮಂದಿ ನೋಡಿ. ಹತ್ತು ಹತ್ತು ದಿನ ಆಳಸಮುದ್ರದಲ್ಲಿ ಬಲೆ ಎಳೆಯುವ ಹೊತ್ತಿನ ನಡುವೆ ಸಿಕ್ಕಿದಷ್ಟು ಕಣ್ಣು ಮುಚ್ಚುವವರು. ಮಂಗಳೂರಿನಿಂದ ಶಿರಾಡಿ ಘಾಟಿ ಹತ್ತಿ ಬೆಂಗಳೂರಿಗೆ ರಾತ್ರಿ ಬಸ್ ಬಿಡುವವರು. ಆಸ್ಪತ್ರೆಯ ನರ್ಸ್‌ಗಳು. ಕೋಲ ಕಟ್ಟುವವರು. ಯಕ್ಷಗಾನದವರಂತೂ ಹೇಳುವುದೇ ಬೇಡ. ಈಗ ಎಷ್ಟೋ ಆಟ ಕಾಲಮಿತಿಗೆ ಬಂದಿದೆ, ಆದರೂ ಮಳೆಗಾಲ ಕಳೆದು ಮೇಳ ಹೊರಟರೆ ಮೇ ತಿಂಗಳ ಕೊನೆಗೆ ಬರುವ ಪತ್ತನಾಜೆಯವರೆಗೆ ಅವರಿಗೆ ರಾತ್ರಿಯೇ ಹಗಲು. ಆ ಭಾರದ ವೇಷ ಕಟ್ಟಿಕೊಂಡು, ದೀಪದ ಕೆಳಗೆ ಕುಣಿದು, ಬೆವರಿ ಬಣ್ಣ ಇಳಿಯುವ ಹೊತ್ತಿಗೆ ವೇಷ ಕಟ್ಟುವ ಚೌಕಿಯಲ್ಲಿ ಕುಡಿಯಲು ಬಿಂದಿಗೆಯಲ್ಲಿ ನೀರು ಉಂಟಾ ಅಂತ ನೋಡುವ ಸಂಘಟಕರು ಎಷ್ಟು ಮಂದಿ? ಬೆಳಿಗ್ಗೆ ಅವರು ಮಲಗುವಾಗ ಊರು ಎದ್ದು ಮೈಕ್ ಹಾಕಿರುತ್ತದೆ.

ರಾತ್ರಿ ಪಾಳಿ ಇರುವ ಕಂಪನಿಗಳಿಗೂ ಒಂದು ಬಿನ್ನಹ. ಗೋಡೆಗೆ ನೀರು ಕುಡಿಯಿರಿ ಅಂತ ಪೋಸ್ಟರ್ ಅಂಟಿಸುವುದು ಸುಲಭ. ನನ್ನ ಪರಿಚಯದ ಹುಡುಗಿಯೊಬ್ಬಳು ಕೆಲಸ ಮಾಡುವ ಕಡೆ, ಹೆಸರು ಬೇಡ, ಆ ಪೋಸ್ಟರ್ ಉಂಟು. ಆದರೆ ರಾತ್ರಿ 12ಕ್ಕೆ ಪಾಳಿ ಮುಗಿಸಿ ಹೋದವಳು ಬೆಳಿಗ್ಗೆ 8ಕ್ಕೆ ಮತ್ತೆ ಬರಬೇಕು. ಮನೆ ಮುಟ್ಟಿ, ಊಟ ಮಾಡಿ, ಮತ್ತೆ ಹೊರಡುವುದರ ನಡುವೆ ಅವಳಿಗೆ ಎಷ್ಟು ಗಂಟೆ ಉಳಿಯಿತು? ದೊಡ್ಡವರಿಗೆ ಕನಿಷ್ಠ 7 ಗಂಟೆ ನಿದ್ದೆ ಬೇಕು ಅಂತ ಅಮೆರಿಕದ ನಿದ್ರಾ ತಜ್ಞರ ಸಂಘಗಳು 2015ರಲ್ಲೇ ಹೇಳಿದ್ದಾವೆ. ಪೋಸ್ಟರ್ ತೆಗೆದು ಎರಡು ಪಾಳಿಗಳ ನಡುವೆ ಮಲಗುವಷ್ಟು ಹೊತ್ತು ಬಿಟ್ಟರೆ ಸಾಕು, ನೀರು ಅವಳೇ ಕುಡಿಯುತ್ತಾಳೆ.

ಕೊನೆಗೆ ನಲ್ಲಿಯ ವಿಷಯ. 2019ರ ಬೇಸಿಗೆಯಲ್ಲಿ ಉಡುಪಿಯಲ್ಲೂ ಮಂಗಳೂರಿನಲ್ಲೂ ನೀರಿಗೆ ಬಂದ ತತ್ವಾರ ಯಾರೂ ಮರೆತಿಲ್ಲ. ಸ್ವರ್ಣೆ ನದಿ ಸೊರಗಿದರೆ ಬಜೆ ಅಣೆಕಟ್ಟಿನಲ್ಲಿ ನೀರಿಲ್ಲ, ನೇತ್ರಾವತಿ ಸೊರಗಿದರೆ ತುಂಬೆ ಅಣೆಕಟ್ಟಿನಲ್ಲಿ ನೀರಿಲ್ಲ, ಆಗ ಸರದಿ ಪ್ರಕಾರ ಬಿಡುವುದು. ನೀರಿಲ್ಲದಾಗ ಪಾಲು ಮಾಡಲೇಬೇಕು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ನಮ್ಮ ಹಾಗೆ ದಿನ್ನೆಯ ಮೇಲೆ ಮನೆ ಇರುವವರಿಗೆ ನೀರು ಏರುವುದೇ ನಡುರಾತ್ರಿ ಕಳೆದ ಮೇಲೆ. ನಲ್ಲಿ ಗೊರಗೊರ ಅಂದ ಶಬ್ದಕ್ಕೆ ಮನೆಯವಳು 1 ಗಂಟೆಗೆ ಎದ್ದು, ಕೊಡ, ಬಕೆಟ್, ಪಾತ್ರೆ ಎಲ್ಲ ತುಂಬಿಸಿ, ಎರಡಕ್ಕೆ ಮಲಗಿ, ಮತ್ತೆ ಮೂರಕ್ಕೆ ನನಗೆ ಚಾ ಮಾಡಲು ಏಳುತ್ತಿದ್ದಳು. ನೀರಿಗಾಗಿ ನಿದ್ದೆ ಬಿಟ್ಟು, ನಿದ್ದೆ ಬಿಟ್ಟದ್ದಕ್ಕೆ ಮರುದಿನ ಆಸರಾಗಿ, ತುಂಬಿಸಿದ ನೀರನ್ನು ಕುಡಿದೇ ಮುಗಿಸಿದರೆ ಲೆಕ್ಕ ಎಲ್ಲಿಗೆ ಬಂತು? ಈಗ ಚಾ ನಾನೇ ಮಾಡಿಕೊಳ್ಳುತ್ತೇನೆ, ಅದು ನನ್ನ ಕೈಯಲ್ಲಿ ಆಗುವ ಕೆಲಸ. ನಲ್ಲಿಯ ಹೊತ್ತು ನನ್ನ ಕೈಯಲ್ಲಿಲ್ಲ. ಈ ಬೇಸಿಗೆಯಲ್ಲಿ ಸರದಿ ಪಟ್ಟಿ ಮಾಡುವವರು ರಾತ್ರಿ 10ರ ಒಳಗೆ ಅಥವಾ ಬೆಳಿಗ್ಗೆ 5ರ ಮೇಲೆ ದಿನ್ನೆಯ ಮನೆಗಳಿಗೂ ನೀರು ಏರುವ ಹಾಗೆ ಮಾಡಿ, ಆ ಪಟ್ಟಿಯನ್ನು ಮುಂಚೆಯೇ ನಿಮ್ಮ ಪತ್ರಿಕೆಯಲ್ಲಿ ಹಾಕಿಸಲಿ.

ಪತ್ರ ಉದ್ದವಾಯಿತು, ಗೊತ್ತುಂಟು. ಕತ್ತರಿಸಲೇಬೇಕಾದರೆ ಇಲಿಯ ಕಥೆ ಕತ್ತರಿಸಿ, ನಲ್ಲಿಯ ವಿಷಯ ಬಿಡಬೇಡಿ.

ಇತಿ,
ಮೀನಿನ ಲೆಕ್ಕ ಬರೆಯುವವ, ಮಲ್ಪೆ